ನಡುಗಡ್ಡಿ ಸರ್

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ಹಳೆಯ ಸಹಪಾಠಿಯೊಬ್ಬ ಸಿಕ್ಕಿದ. ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ನನಗೆ ಜಾಗ ಮಾಡಿಕೊಟ್ಟ. ಅದೂ ಇದೂ ಮಾತಾಡಿದ ಮೇಲೆ, "ನಡುಗಡ್ಡಿ ಸರ್ ಹೋದ್ರಂತಲ್ಲ, ಗೊತ್ತಾತೇನು?" ಎಂದ.

"ಈಗ ಎಲ್ಲಿಗಿ?" ಎಂದು ಕೇಳಿದೆ.

ಅವರು ಯಾವಾಗಲೂ ಎಲ್ಲಿಗಾದರೂ ಹೋಗುತ್ತಲೇ ಇದ್ದವರು. ಹೈದರಾಬಾದು, ದಿಲ್ಲಿ, ಲಂಡನ್ನು, ಕೊನೆಗೊಮ್ಮೆ ತಾವು ಜೀವಮಾನವಿಡೀ ಪಾಠ ಹೇಳಿದ ಆ ದ್ವೀಪಗಳಿಗೂ ಹೋಗಿ ಬಂದಿದ್ದರು. ಸಹಪಾಠಿ ನನ್ನ ಮುಖ ನೋಡಿ, ದನಿ ತಗ್ಗಿಸಿ, "ತೀರಿಕೊಂಡ್ರು. ಎದಿನೋವು ಅಂದ್ರಂತ, ದವಾಖಾನಿ ಮುಟ್ಟೂದರಾಗ ಮುಗೀತಂತ" ಎಂದ.

ನನಗೆ ಅಳು ಬರಲಿಲ್ಲ. ಒಂದು ಕಾಲಕ್ಕೆ ನಾನು ಅಪ್ಪನಿಗಿಂತ ಹೆಚ್ಚು ನಂಬಿದ್ದ ಮನುಷ್ಯ. ನಾಲ್ಕು ಹನಿಯಾದರೂ ಬರಬೇಕಿತ್ತು. ನಿಪ್ಪಾಣಿ ಬರುವತನಕ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಸಹಪಾಠಿಗೆ ನಾನು ದುಃಖದಲ್ಲಿದ್ದೇನೆ ಅನ್ನಿಸಿರಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೋರಗಾಂವದಿಂದ ನಿಪ್ಪಾಣಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ತಂಬಾಕಿನ ಸುಗ್ಗಿಯಲ್ಲಿ ಊರಿಗೆ ಊರೇ ಘಾಟು. ಪಾಠದ ನಡುವೆ ಒಬ್ಬರು ಸೀನಿದರೆ ಬೆಂಚಿಗೆ ಬೆಂಚೇ ಸೀನುತ್ತಿತ್ತು. ಅಂಥದೊಂದು ದಿನ ಸರ್ ಮೊದಲ ಸಲ ನಮ್ಮ ತರಗತಿಗೆ ಬಂದರು. ಹೆಗಲಲ್ಲಿ ಬಟ್ಟೆಯ ಜೋಳಿಗೆ, ತೋಳು ಮಡಿಸಿದ ಅಂಗಿ. ಹೆಸರು ಹೇಳಲಿಲ್ಲ, ಹಾಜರಿ ಕೂಗಲಿಲ್ಲ. ನೇರ ಹಲಗೆಯ ಕಡೆ ತಿರುಗಿ ಸೀಮೆಸುಣ್ಣದಿಂದ ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ ಚುಕ್ಕೆ ಇಡುತ್ತ ಹೋದರು. ಆಮೇಲೆ ನಮ್ಮ ಕಡೆ ನೋಡಿ, "ಏನಿದು?" ಎಂದರು.

"ಜ್ವಾಳ ಚೆಲ್ಲಿದಂಗ ಕಾಣತೈತ್ರಿ" ಎಂದ ಒಬ್ಬ.

"ನಡುಗಡ್ಡಿ. ಇವಿಷ್ಟೂ ನಡುಗಡ್ಡಿ. ವೆಸ್ಟ್ ಇಂಡೀಸ್ ಅಂತಾರಲ್ಲ, ಅವು."

ಹಿಂದಿನ ಬೆಂಚಿನ ಹುಡುಗರಿಗೆ ಜೀವ ಬಂತು. "ಸರ್, ಹಂಗಾದ್ರ ಕ್ರಿಕೆಟ್ ಬಗ್ಗೆ ಹೇಳತೀರೇನ್ರಿ?"

"ಹೇಳತೀನಿ. ಆದ್ರ ಮೊದಲ ಕಬ್ಬಿನ ಬಗ್ಗೆ. ಆ ಬೌಲರ್‌ಗಳ ಮುತ್ತ್ಯಾಗೋಳನ್ನ ಹಡಗಿನ್ಯಾಗ ತುಂಬಿ ಅಲ್ಲಿಗೆ ಒಯ್ದದ್ದು ಕ್ರಿಕೆಟ್ ಆಡಸಾಕಲ್ಲ."

ಅವತ್ತಿನಿಂದ ಅವರು ನಡುಗಡ್ಡಿ ಸರ್. ಆ ಹೆಸರು ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ಅವರ ಡಾಕ್ಟರೇಟ್ ಆ ದ್ವೀಪಗಳ ಸಾಹಿತ್ಯದ ಮೇಲೆ. ನಮ್ಮ ಸಿಲಬಸ್ಸಿನಲ್ಲಿ ಅದು ಇರಲೇ ಇಲ್ಲ. ಇದ್ದದ್ದನ್ನು ಬೇಗ ಮುಗಿಸಿ, ಉಳಿದ ದಿನಗಳಲ್ಲಿ ಅವರು ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಗುಲಾಮರಾಗಿ ಹೋದ ಆಫ್ರಿಕದವರು, ಆಮೇಲೆ ಕರಾರಿನ ಕೂಲಿಗಳಾಗಿ ಕಲಕತ್ತಾ ಮದರಾಸಿನ ಬಂದರುಗಳಿಂದ ಹೋದ ನಮ್ಮವರು, ಅವರು ಜೊತೆಗೆ ಒಯ್ದ ಹಾಡು, ಕಥೆ, ಒಗಟು. "ಹಡಗಿನ್ಯಾಗ ಸಾಮಾನು ಒಯ್ಯಾಕ ಬಿಡತಿರಲಿಲ್ಲ" ಎನ್ನುತ್ತಿದ್ದರು. "ಕಥೀಗೆ ತೂಕಿಲ್ಲ, ಅದನ್ನ ಯಾರೂ ತಡೀಲಿಲ್ಲ." ತಾವು ಆಗಿನ್ನೂ ಸಮುದ್ರವನ್ನೇ ನೋಡಿಲ್ಲವೆಂದು ಕೂಡ ಅವರೇ ಹೇಳಿ ನಕ್ಕಿದ್ದರು. ಅಥಣಿಯ ಕಡೆಯ ಬೆದ್ದಲು ಸೀಮೆಯವರು, ಮಳೆಗಾಲದಲ್ಲಿಯೂ ಹಳ್ಳ ಹರಿಯದ ಊರು.

ಕೂಡಿದ ಬೆರಳ ತುದಿಗಳನ್ನು ತುಟಿಗೆ ಒತ್ತಿಕೊಂಡು ವಿಚಾರ ಮಾಡುವುದು ಅವರ ಅಭ್ಯಾಸ. ಪೇಟೆಯಲ್ಲಿ ಮರಾಠಿ, ಸ್ಟಾಫ್ ರೂಮಿನಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಅವರು ಹೊಸ್ತಿಲು ದಾಟಿದ ಸಪ್ಪಳವೂ ಆಗುತ್ತಿರಲಿಲ್ಲ.

ನನ್ನದು ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಕನ್ನಡ, ಇಚಲಕರಂಜಿಯ ಕಡೆಯಿಂದ ಬಂದ ಅವ್ವ ಮರಾಠಿ. ಊಟಕ್ಕೆ ಕರೆಯುವಾಗ ಒಂದು ಮಾತು ಅದರದು, ಒಂದು ಇದರದು. ಇಂಗ್ಲಿಷ್ ಓದಲು ನಿಂತರೆ ಎರಡೂ ಬಂದು ನಾಲಿಗೆಯ ಮೇಲೆ ಕೂಡುತ್ತಿದ್ದವು. ಒಂದು ದಿನ ಸರ್ ನನ್ನನ್ನು ನಿಲ್ಲಿಸಿ ಓದಿಸಿದರು. ಹಾವು ಬರುವ ಒಂದು ಸಾಲಿನಲ್ಲಿ ನಾನು 'ಇಸ್ನೇಕ್' ಎಂದೆ. ಊರಿನ ಕಾನ್ವೆಂಟಿನಿಂದ ಬಂದ ಹುಡುಗರು ಬೆಂಚು ಬಡಿದು ನಕ್ಕರು. ನಾನು ಪುಸ್ತಕ ಮುಚ್ಚಿ ಕುಳಿತೆ.

ಸರ್ ಜೋಳಿಗೆಯಿಂದ ಒಂದು ಪುಸ್ತಕ ತೆಗೆದು, ದ್ವೀಪದ ಹೆಂಗಸೊಬ್ಬಳು ತನ್ನ ಇಂಗ್ಲಿಷಿನಲ್ಲಿ ಜಗಳಾಡುವ ಒಂದು ಪೇಜು ಓದಿದರು. ವ್ಯಾಕರಣವಿಲ್ಲ, ಶಬ್ದಗಳ ತುದಿಗಳಿಲ್ಲ, ಆದರೆ ಕೇಳಿದರೆ ಮೈ ಜುಮ್ಮೆನ್ನುವಂಥ ಜಗಳ. ಓದಿ ಮುಗಿಸಿ, "ಈಕಿ ಇಂಗ್ಲಿಷ್ ತಪ್ಪು ಅಂದವರ ದೇಶದಾಗ ಈಗ ಈ ಪುಸ್ತಕಾನ ಪಾಠಕ್ಕ ಇಟ್ಟಾರ. ಮುರುಕ ಭಾಷಾ ಅಂತ ಇರೂದಿಲ್ಲ. ಮುರಿದಿದ್ದು ಮಂದಿ, ಅವರನ್ನ ಹೊಲಿದು ಹಿಡದದ್ದು ಈ ಭಾಷಾ" ಎಂದರು. ಆಮೇಲೆ ನನ್ನ ಕಡೆ ಪುಸ್ತಕ ಚಾಚಿ, "ನೀ ಓದವ್ವಾ. ನಾಲಿಗಿ ತೊಳಕೊಂಡು ಓದಬ್ಯಾಡ. ನಿನ್ನ ನಾಲಿಗೀಲೆ ಓದು" ಎಂದರು.

ಓದಿದೆ. ಯಾರೂ ನಗಲಿಲ್ಲ. ನಾನು ಇಂಗ್ಲಿಷ್ ಎಂ.ಎ. ಮಾಡುತ್ತೇನೆಂದು ನಿಶ್ಚಯಿಸಿದ್ದು ಆ ದಿನವೇ.

ಒಂದು ಚಳಿಗಾಲದಲ್ಲಿ ಅವರು ನಮ್ಮ ತರಗತಿಯನ್ನೇ ನಮ್ಮ ಹೊಲಕ್ಕೆ ಕರೆತಂದರು. ದೂಧಗಂಗಾ ದಂಡೆಯಲ್ಲಿ ನಮ್ಮದೊಂದು ಕಬ್ಬಿನ ತೋಟವಿತ್ತು. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಟೋಳಿ ಬಂದಿತ್ತು, ಎತ್ತಿನ ಗಾಡಿಗಳೊಂದಿಗೆ ಗಂಡಹೆಂಡಿರು ಮಕ್ಕಳು. ಸರ್ ನಮಗೆಲ್ಲ ಒಂದೊಂದು ಗಳ ಕೊಡಿಸಿ ಹಲ್ಲಿನಿಂದ ಸುಲಿದು ತಿನ್ನಿಸಿದರು. ಸಿಪ್ಪೆ ಕೊಯ್ದು ಅವರ ತುಟಿಯ ಅಂಚಿನಲ್ಲಿ ರಕ್ತ ಬಂದಿತ್ತು, ಒರೆಸಿಕೊಳ್ಳಲಿಲ್ಲ. ಕಡಿದ ಕಬ್ಬನ್ನು ಹೊರೆ ಕಟ್ಟುತ್ತಿದ್ದ ಹೆಂಗಸಿನ ಹತ್ತಿರ ಹೋಗಿ, ಕೆಲಸ ಮಾಡುವಾಗ ಏನು ಹಾಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಆಕೆ ತಲೆಯೆತ್ತದೆ, "ಕಂಬರ ಮೋಡಲೀ, ಆತಾ ಗಾಣಂ ಕಸಲಂ?" ಎಂದಳು. ಸೊಂಟ ಮುರಿದಿದೆ, ಇನ್ನೆಂಥ ಹಾಡು ಎಂದು.

ಸರ್ ಬೆರಳು ತುಟಿಗೊತ್ತಿಕೊಂಡು ನಿಂತರು. ಆಮೇಲೆ ನಮ್ಮ ಕಡೆ ತಿರುಗಿ, "ಆ ನಡುಗಡ್ಡಿಯೊಳಗೂ ಯಾರೋ ಒಬ್ಬರು ಹೋಗಿ ಹಿಂಗ ಕೇಳಿರಬೇಕು. ಇದನ್ನ ನೆನಪಿಟಗೋರಿ" ಎಂದರು. ಅವತ್ತು ನಾನು ಅವರನ್ನು ದೇವರೆಂದೇ ತಿಳಿದೆ. ಇದನ್ನು ಈಗ ಹೇಳಲು ಸಂಕೋಚವಾಗುತ್ತದೆ, ಆದರೆ ತಿಳಿದದ್ದು ನಿಜ.

ಅದೇ ದಿನ ಅವರು ನಮ್ಮ ಅಜ್ಜಿಯನ್ನು ಕಂಡದ್ದು. ಅಜ್ಜಿ ಅಪ್ಪನ ತಾಯಿ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅವಳು ಏನನ್ನೂ ಮುಟ್ಟುತ್ತಿರಲಿಲ್ಲ. ಹೊತ್ತಿರುವಾಗಲೇ ಸರ್‌ಗೂ ತಾಟು ಹಾಕಿಸಿ ಎದುರಿಗೆ ಕುಳಿತು ಉಣ್ಣಿಸಿದಳು. ಉಂಡಾದ ಮೇಲೆ ಕಥೆ. ಹೊಳೆಯ ಆಚೆ ಈಚೆ ಎರಡೂ ದಂಡೆಯ ಕಬ್ಬು ತಿನ್ನುವ ನರಿಯ ಕಥೆ. ಈಚೆಯ ಕನ್ನಡದ ಒಕ್ಕಲಿಗ ಹಿಡಿದರೆ ನರಿ ಮರಾಠಿಯಲ್ಲಿ, "ಮಲಾ ಕಾಹೀ ಸಮಜತ ನಾಹೀ" ಅನ್ನುತ್ತದೆ. ಆಚೆಯ ಮರಾಠಿಯವನು ಹಿಡಿದರೆ ಕನ್ನಡದಲ್ಲಿ, "ನನಗೇನೂ ತಿಳಿಯಂಗಿಲ್ರೀ ಯಪ್ಪಾ" ಅನ್ನುತ್ತದೆ. ಪರದೇಶಿ ಪ್ರಾಣಿ ಎಂದು ಇಬ್ಬರೂ ಬಿಟ್ಟುಬಿಡುತ್ತಾರೆ. ಕೊನೆಗೆ ಇಬ್ಬರೂ ಕೂಡಿ ಬಂದು ಹಿಡಿದಾಗ, ಯಾರಿಗೆ ಯಾವ ಮಾತು ಎಂಬುದು ಮರೆತು ನರಿ ಊಳಿಡುತ್ತದೆ. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ಊಳಿಟ್ಟಳು. ಸರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಮುಂದಿನ ರವಿವಾರ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬಂದರು. ಅದಾದ ಮೇಲೆ ಎಷ್ಟೋ ರವಿವಾರ ಬಂದರು. ಅಜ್ಜಿ ಅವರಿಗೆ ಮಾಸ್ತರ ಅನ್ನುತ್ತಿದ್ದಳು. "ಮಾಸ್ತರ, ಹಡಗ ಹತ್ತಿ ಹೋದವರು ತಿರುಗಿ ಬಂದ್ರೇನು?" ಎಂದು ಒಮ್ಮೆ ಕೇಳಿದಳು.

"ಭಾಳ ಮಂದಿ ಬರಲಿಲ್ಲ, ಆಯಿ."

"ಅವರ ಅವ್ವಗೋಳಿಗೆ ಯಾರು ಹೇಳಿದ್ರು?"

ಆ ಪ್ರಶ್ನೆಯೂ ಟೇಪಿನಲ್ಲಿ ಹೋಯಿತು.

ನನ್ನ ಎಂ.ಎ. ಓದಿಗೆ ಅಪ್ಪ ಒಪ್ಪಿದ್ದೂ ಅವರಿಂದಲೇ. ಅಪ್ಪನಿಗೆ ನಮ್ಮ ಪವರ್‌ಲೂಮಿನ ಗದ್ದಲದಲ್ಲಿ ಬದುಕಿ ಗಟ್ಟಿಯಾಗಿ ಮಾತಾಡುವ ರೂಢಿ. "ಹುಡಗಿ ಧಾರವಾಡಕ್ಕ ಹೋಗಿ ಏನ ಮಾಡೂದೈತ್ರಿ?" ಎಂದು ಓಣಿಗೆ ಕೇಳುವಂತೆ ಕೇಳಿದ.

ಸರ್ ಮೆಲ್ಲಗೆ, "ಲೆಕ್ಚರರ್ ಆಗಿ ನನ್ನ ಪಕ್ಕದ ಕುರ್ಚಿಯೊಳಗ ಕುಂಡ್ರತಾಳ್ರಿ ಅಣ್ಣಾರ. ಈಕೀನ್ನ ನನಗ ಬಿಡ್ರಿ. ನನ್ನ ಜವಾಬ್ದಾರಿ" ಎಂದರು.

ಅಪ್ಪ ಬಿಟ್ಟ. ಬಂದ ಎರಡು ಸಂಬಂಧಗಳನ್ನು ತಿರುಗಿಸಿ ಕಳಿಸಿ, ಊರಿನವರ ಮಾತು ಕೇಳಿಸಿಕೊಂಡು ನನ್ನನ್ನು ಧಾರವಾಡಕ್ಕೆ ಕಳಿಸಿದ.

ನಾನು ಎಂ.ಎ. ಮುಗಿಸಿ ಬರುವಷ್ಟರಲ್ಲಿ ಸರ್ ನಿಪ್ಪಾಣಿಯಲ್ಲಿ ಇರಲಿಲ್ಲ. ಅಜ್ಜಿಯ ಕಥೆಗಳನ್ನು ದ್ವೀಪದವರು ಹೇಳುವ ಉಪಾಯಗಾರ ಜೇಡನ ಕಥೆಗಳ ಜೊತೆಗಿಟ್ಟು ಬರೆದ ಪ್ರಬಂಧ ಅವರಿಗೆ ಹೆಸರು ತಂದಿತ್ತು. ಲಂಡನ್ನಿಗೆ ಕರೆ ಬಂತು, ದ್ವೀಪಗಳಿಗೆ ಕರೆ ಬಂತು, ವಿಶ್ವವಿದ್ಯಾಲಯದ ಹುದ್ದೆ ಬಂತು. ದೊಡ್ಡ ಊರಿಗೆ ಹೋದರು. ಒಮ್ಮೆ ಕಾಣಲು ಹೋಗಿದ್ದೆ. ಜೋಳಿಗೆ ಹೋಗಿ ಚರ್ಮದ ಬ್ಯಾಗು ಬಂದಿತ್ತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವರು ಇಂಗ್ಲಿಷಿನಲ್ಲಿ ಉತ್ತರಿಸಿದರು, ಆ ಇಂಗ್ಲಿಷೂ ನನಗೆ ಪರಿಚಯವಿದ್ದ ಇಂಗ್ಲಿಷ್ ಆಗಿರಲಿಲ್ಲ. ಹೊರಗಿನವರ ನಡುವೆ ಇದ್ದು ಹಾಗಾಗಿದೆ ಎಂದುಕೊಂಡೆ. ಅವರ ಮೇಲೆ ಇನ್ನೂ ಅನುಮಾನ ಪಡಲು ಕಲಿತಿರಲಿಲ್ಲ.

ನಾನು ಕಾಗವಾಡದಲ್ಲಿ ಪಾರ್ಟ್‌ಟೈಮ್ ಪಾಠ ಹೇಳುತ್ತ ಕಾಯಂ ಹುದ್ದೆಗೆ ಕಾಯುತ್ತಿದ್ದೆ. ತೊಂಬತ್ತರ ದಶಕ ಶುರುವಾದಾಗ ರಾಯಬಾಗದ ಕಡೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ಹುದ್ದೆ ಖಾಲಿಯಾಯಿತು. ಸಂದರ್ಶನದ ಕೋಣೆಯ ಬಾಗಿಲು ತೆರೆದು ನೋಡಿದರೆ, ಆಡಳಿತ ಮಂಡಳಿಯ ಅಧ್ಯಕ್ಷರು, ಪ್ರಿನ್ಸಿಪಾಲರು, ಅವರ ಪಕ್ಕದಲ್ಲಿ ವಿಷಯತಜ್ಞರಾಗಿ ನಡುಗಡ್ಡಿ ಸರ್. ಅವರು ಅಪ್ಪನಿಗೆ ಕೊಟ್ಟ ಮಾತು ಇವತ್ತು ತೀರುತ್ತದೆ ಅಂದುಕೊಂಡೆ.

ಅವರು ತಲೆಯೆತ್ತಲಿಲ್ಲ. ಪರಿಚಯವಿಲ್ಲದವರ ಹಾಗೆ ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ಸರಿಯಾಗಿ ಹೇಳಿದೆ. ಆಮೇಲೆ ಮೇಜಿನ ಮೇಲಿಂದ ಒಂದು ಹಾಳೆ ತಳ್ಳಿ ಓದಲು ಹೇಳಿದರು. ಅದೇ ದ್ವೀಪದ ಹೆಂಗಸು, ಅದೇ ಜಗಳದ ಪೇಜು. ನನಗೆ ಸಹಾಯ ಮಾಡುತ್ತಿದ್ದಾರೆ ಎಂದೇ ತಿಳಿದೆ. ಅವರು ಹೇಳಿಕೊಟ್ಟಂತೆ, ನನ್ನ ನಾಲಿಗೆಯಿಂದಲೇ, ಪೂರ್ತಿ ಮನಸ್ಸಿಟ್ಟು ಓದಿದೆ.

ಅಧ್ಯಕ್ಷರು ಹೊಟ್ಟೆ ಕುಲುಕಿಸಿ ನಕ್ಕರು. ಸರ್ ಅಧ್ಯಕ್ಷರ ಕಡೆ ತಿರುಗಿ, ಸ್ಪಷ್ಟವಾದ ತಮ್ಮ ಹೊಸ ಇಂಗ್ಲಿಷಿನಲ್ಲಿ, ಅಭ್ಯರ್ಥಿಗೆ ವಿಷಯ ಗೊತ್ತಿದೆ, ಆದರೆ ಉಚ್ಚಾರದಲ್ಲಿ ಹಳ್ಳಿ ಹಾಗೆಯೇ ಉಳಿದಿದೆ, ಇಂಗ್ಲಿಷ್ ವಿಭಾಗಕ್ಕೆ ಒಂದು ಮಟ್ಟವಿರಬೇಕು, ಇಂಥವರು ನಿಂತು ಓದಿದರೆ ಹುಡುಗರು ನಗುತ್ತಾರೆ ಎಂದರು. ನಾನು ಅಲ್ಲೇ ಎದುರಿಗೆ ಕುಳಿತಿದ್ದೆ.

"ನೀವು ಹೇಳಿದ ಮ್ಯಾಲ ಮುಗೀತ್ರಿ" ಎಂದರು ಅಧ್ಯಕ್ಷರು.

ಆ ಹುದ್ದೆ ಅಧ್ಯಕ್ಷರ ಅಕ್ಕನ ಮಗನಿಗೆಂದು ಮೊದಲೇ ನಿಶ್ಚಯವಾಗಿತ್ತು. ಮುಂದೆ ಆ ಪ್ರಿನ್ಸಿಪಾಲರೇ ಎಲ್ಲೋ ಸಿಕ್ಕಾಗ, "ಅವರಿಗೆ ಒಂದು ಕಾರಣ ಬೇಕಾಗಿತ್ತವ್ವಾ, ಅಷ್ಟ" ಎಂದು ಹೇಳಿದರು. ಅಧ್ಯಕ್ಷರ ಮಾತು ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿತ್ತು. ಬಹಳ ದಿನ ಹೋಗಲಿಲ್ಲ, ಸರ್ ವಿಭಾಗದ ಮುಖ್ಯಸ್ಥರಾದರು. ಇದೆಲ್ಲ ನನಗೆ ಅರ್ಥವಾಗುತ್ತದೆ. ಹುದ್ದೆ ಬೇರೆಯವರಿಗೆ ಹೋಗುವುದು ಲೋಕದಲ್ಲಿ ಇದ್ದದ್ದೇ. ಅನುಭವ ಕಡಿಮೆ ಅನ್ನಬಹುದಿತ್ತು, ಮಾರ್ಕ್ಸ್ ಸಾಲದು ಅನ್ನಬಹುದಿತ್ತು. ಅಷ್ಟು ಕಾರಣಗಳಿದ್ದೂ, ನನ್ನೊಳಗೆ ತಾವೇ ಕೈಯಿಟ್ಟು ವಾಸಿ ಮಾಡಿದ್ದ ಜಾಗವನ್ನೇ ಹುಡುಕಿ ಹೊಡೆದರಲ್ಲ, ಅದು ಇವತ್ತಿಗೂ ಅರ್ಥವಾಗುವುದಿಲ್ಲ.

ಸಂದರ್ಶನ ಮುಗಿಸಿ ಅವರು ಕಾರಿಗಾಗಿ ಪಡಸಾಲೆಗೆ ಬಂದರು. ನಾನು ಕಂಬದ ಹತ್ತಿರ ನಿಂತಿದ್ದೆ.

"ಬ್ಯಾಸರ ಮಾಡಕೋಬ್ಯಾಡವ್ವಾ" ಎಂದರು. ಈಗ ಕನ್ನಡ ಬಂದಿತ್ತು. "ಇಂಥಾವು ಇರತಾವ."

"ಆ ಪೇಜು ನೀವ ಓದಾಕ ಕಲಿಸಿದ್ರಿ, ಸರ್."

"ಹೌದು."

"ನೀವು ಕಲಿಸಿದಂಗ ಓದಿದ್ನೋ ಇಲ್ಲೋ?"

"ಓದಿದಿ."

"ಮತ್ತ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ಕ್ಲಾಸಿನ್ಯಾಗ ಹೇಳೂದು ಬ್ಯಾರೆ, ನೌಕರಿ ಬ್ಯಾರೆ. ನಾನೂ ಹಳ್ಳಿಯಾಂವನ. ಇಲ್ಲಿತನಕ ಬರಬೇಕಾದ್ರ ನಾ ಏನೇನು ನುಂಗೀನಿ, ನಿನಗೇನು ಗೊತ್ತು?"

"ನುಂಗರಿ ಅಂತ ನಮಗ ಯಾವತ್ತೂ ಹೇಳಲಿಲ್ಲಲ್ರಿ, ಸರ್."

ಕಾರು ಬಂತು. ನಿಪ್ಪಾಣಿಯ ತನಕ ಬಿಡುತ್ತೇನೆ, ಹತ್ತು ಎಂದರು. ಬಸ್ಸಿದೆ ಎಂದೆ. ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು.

ಮನೆಯಲ್ಲಿ ಅಪ್ಪ ನನ್ನ ಮುಖ ನೋಡಿ ಲೂಮಿನ ಕಡೆ ಹೋದ. ಕೇಳಿದವಳು ಅಜ್ಜಿ. ಆಗ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. "ಮಾಸ್ತರ ಇದ್ದನಂತಲ್ಲ, ಏನಂದ?" ಎಂದಳು. ಮುಚ್ಚಿಡಲು ಮನಸ್ಸಾಗದೆ ಇದ್ದದ್ದು ಇದ್ದಂತೆ ಹೇಳಿದೆ. ನಮ್ಮ ಮಾತಿನ ಧಾಟಿ ಅವರಿಗೆ ಬೇಡವಂತೆ, ಅಜ್ಜಿ. ಕೇಳಿದರೆ ಮಂದಿ ನಗುತ್ತಾರಂತೆ.

ಅಜ್ಜಿ, "ಹಂಗಾರ ನನ್ನ ಮಾತು ಯಾಕ ತುಂಬಕೊಂಡ ಹೋದ?" ಎಂದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವುದಕ್ಕೇ ಕೇಳಿದ್ದಳು. ಮರುವರ್ಷ ಅವಳು ಹೋದಳು. ಸರ್ ಅಂತ್ಯಕ್ರಿಯೆಗೆ ಬರಲಿಲ್ಲ. ಅದೇ ವರ್ಷ ಅವರದೊಂದು ಲೇಖನ ಗ್ರಂಥಾಲಯದಲ್ಲಿ ಸಿಕ್ಕಿತು. ಗಡಿಯ ಬೆರಕೆ ಮಾತು ನಮ್ಮ ನಿಜವಾದ ಸಂಪತ್ತು, ಅದನ್ನು ನೋಡಿ ನಗುವವರು ಇನ್ನೂ ಗುಲಾಮರು ಎಂದು ಬರೆದಿದ್ದರು. ನರಿಯ ಕಥೆಯೂ ಇತ್ತು. ಹೇಳಿದವಳು 'ಗಡಿಯ ಒಬ್ಬ ಅನಕ್ಷರಸ್ಥ ವೃದ್ಧೆ'. ಅಲ್ಲೇ ನಿಂತು ಪೂರ್ತಿ ಓದಿ, ಪತ್ರಿಕೆಯನ್ನು ಇದ್ದಲ್ಲಿಯೇ ಇಟ್ಟು ಬಂದೆ. ಲೇಖನ ಬಹಳ ಚೆನ್ನಾಗಿತ್ತು. ಅದೇ ಹೆಚ್ಚು ನೋಯಿಸಿತು.

ಮುಂದೆ ನನಗೆ ಕಾಗವಾಡದಲ್ಲೇ ಒಂದು ಜೂನಿಯರ್ ಕಾಲೇಜಿನಲ್ಲಿ ಕೆಲಸವಾಯಿತು. ಹುಡುಗರು ನಗುವುದಿಲ್ಲ. ಆದರೆ ಎಷ್ಟೋ ವರ್ಷ, ಗಟ್ಟಿಯಾಗಿ ಓದಬೇಕಾದ ಪಾಠ ಬಂದಾಗ ನಾನು ಹುಡುಗರಿಂದಲೇ ಓದಿಸುತ್ತಿದ್ದೆ.

ಬಸ್ಸಿನಲ್ಲಿ ಸುದ್ದಿ ಕೇಳಿದ ಕೆಲವು ದಿನಗಳ ನಂತರ ನಿಪ್ಪಾಣಿಯ ಹಳೆಯ ವಿದ್ಯಾರ್ಥಿಗಳು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಸರ್‌ಗೆ ಅಚ್ಚುಮೆಚ್ಚಿನವಳೆಂದು ನನಗೂ ಮಾತಾಡಲು ಹೇಳಿದರು. ಹೋಗಬಾರದೆಂದಿದ್ದೆ, ಹೋದೆ. ಕಬ್ಬಿನ ತೋಟದ ದಿನವನ್ನು ಹೇಳಿದೆ. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಅಷ್ಟು ಹೇಳಿ ಕುಳಿತುಬಿಡಬೇಕೆಂದೇ ನಿರ್ಧರಿಸಿದ್ದೆ. ಕಾಲು ಹಿಂದಕ್ಕೆ ಸರಿಯಲಿಲ್ಲ.

"ಸರ್ ನಮ್ಮ ಮಾತಿನ ಬಗ್ಗೆ ನಮಗಿದ್ದ ನಾಚಿಕಿ ಬಿಡಿಸಿದ್ರು" ಎಂದೆ. "ಮುಂದ ಒಂದ ದಿನ, ನೌಕರಿ ಕೇಳಾಕ ಹೋದಾಗ, ಅದ ಮಾತಿಗೆ ನನ್ನ ನಾಚಿಕಿ ಪಡಿಸಿದ್ರು. ಎರಡೂ ಖರೇ. ಒಂದ ಹೇಳಿ ಒಂದ ಬಿಟ್ರ ನಾ ಸುಳ್ಳ ಹೇಳಿದಂಗ ಆಗತೈತಿ."

ಕುಳಿತೆ. ಸಭೆ ಮುಗಿದ ಮೇಲೆ ನನಗೆ ಸುದ್ದಿ ಹೇಳಿದ್ದ ಸಹಪಾಠಿಯೇ ಬಂದು, "ಇವತ್ತ ಬೇಕಾಗಿತ್ತೇನು? ಅವರ ಮನಿಯವರು ಮುಂದ ಕುಂತಾರ" ಎಂದು ಸಿಟ್ಟಾದ. ನನಗೆ ಅದು ಗೊತ್ತಿರಲಿಲ್ಲ. ಸರ್ ಹೆಂಡತಿಯನ್ನು ನಾನು ದೊಡ್ಡ ಊರಿನ ಅವರ ಮನೆಯಲ್ಲಿ ಒಮ್ಮೆ ನೋಡಿದ್ದೆ, ಆದರೆ ಒಂದು ಮಾತೂ ಕೇಳಿರಲಿಲ್ಲ. ಯಾರೊಂದಿಗೂ ಬಾಯಿ ಬಿಡದ ಸೊಕ್ಕಿನವರೆಂದು ನಾವು ಹಳೆಯ ವಿದ್ಯಾರ್ಥಿಗಳು ಆಡಿಕೊಳ್ಳುತ್ತಿದ್ದೆವು.

ಕ್ಷಮೆ ಕೇಳೋಣವೆಂದು ತಿರುಗಿದರೆ ಅವರೇ ಎದುರಿಗೆ ಬಂದಿದ್ದರು. ಬಿಳಿ ಸೀರೆ, ಬರಿಗೈ.

"ನೀ ಬೋರಗಾಂವದಾಕಿ ಹೌದಲ್ಲ?" ಎಂದರು.

"ಹೌದ್ರಿ. ನಾ ಹಂಗ ಮಾತಾಡಬಾರದಾಗಿತ್ತು. ತಪ್ಪು ತಿಳಕೋಬ್ಯಾಡ್ರಿ."

"ನಾ ಯಾಕ ತಪ್ಪ ತಿಳಕೊಳ್ಳಿ." ಅವರು ನನ್ನ ಕೈ ಹಿಡಿದು ಖಾಲಿ ತರಗತಿಯೊಂದರೊಳಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. "ಪರದೇಶದಾವರು, ದೊಡ್ಡ ದೊಡ್ಡ ಪ್ರೊಫೆಸರ್‌ಗೋಳು ಮನೀಗೆ ಬರತಿದ್ರು. ಚಾ ಇಟ್ಟ ಒಳಗ ಹೋಗು ಅಂತ ಇವರು ಮೊದಲ ಹೇಳಿ ಇಟ್ಟಿರತಿದ್ರು. ಒಂದ ಸಲ ಬಾಯಿ ತಪ್ಪಿ, ಊಟ ಹ್ಯಾಂಗಾತ್ರಿ ಅಂತ ಕೇಳೇನಿ. ಅವರು ಹೋದ ಮ್ಯಾಲ ಇವರು ಅಂದ್ರು, ನಿನ್ನ ಬಾಯಿ ತೆಗದ್ರ ನಾ ಎಲ್ಲಿಯಾಂವ ಅಂತ ಗೊತ್ತಾಗತೈತಿ ಅಂತ."

"ಮತ್ತ ನೀವೇನಂದ್ರಿ?"

"ಏನ ಅನ್ನೂದು. ಬಾಯಿ ಮುಚ್ಚೇನಿ. ಮಂದಿ ಸೊಕ್ಕಿನಾಕಿ ಅಂದ್ರು, ಅದನ್ನೂ ಕೇಳಿಸಿಕೊಂಡೆ." ಸ್ವಲ್ಪ ತಡೆದು, "ನಮ್ಮವ್ವ ಬೀಸೋ ಕಲ್ಲಿನ ಮುಂದ ಕುಂತ್ರ ಹೊತ್ತ ಏರೂ ತನಕ ಹಾಡತಿದ್ದಳು. ಊರ ಮಂದೀನ ಹುಡಕ್ಯಾಡಿ ಮಷೀನ್ ತಗೊಂಡ ಹೋದವರು, ನಮ್ಮವ್ವನ ಕಡೆ ಒಂದ ದಿನಾ ಹೋಗಲಿಲ್ಲ. ನಾ ಕೇಳಲೂ ಇಲ್ಲ" ಎಂದರು.

ಸರ್ ಹೀಗೆ ಮಾಡಿದ್ದು ನನ್ನೊಬ್ಬಳಿಗೇ ಎಂದು ಇಷ್ಟು ವರ್ಷ ಎದೆಗವಚಿಕೊಂಡಿದ್ದೆ. ಹೊರಗೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುವ ಸಪ್ಪಳ ಕೇಳುತ್ತಿತ್ತು.

"ಬಸ್ಸಿಗೆ ಅವಸರ ಐತೇನು ನಿನಗ?" ಎಂದು ಕೇಳಿದರು.

"ಇಲ್ರಿ."

"ಹಂಗಾರ ಕುಂಡ್ರು" ಎಂದರು. ಸೆರಗು ಸರಿಪಡಿಸಿಕೊಂಡು, ಬಾಗಿಲು ತೆರೆದೇ ಇದೆಯೆಂಬುದನ್ನು ಒಮ್ಮೆ ನೋಡಿ, ತಾವು ಮದುವೆಯಾಗಿ ಬಂದ ದಿನದಿಂದ ಹಿಡಿದು, ಅಥಣಿಯ ಕಡೆಯ ಮಾತಿನಲ್ಲಿ ಗಟ್ಟಿಯಾಗಿ ಹೇಳತೊಡಗಿದರು.